ಕಮಿಟ್‌ಗಳ ಸಾಲು, ಗಡಿಯಾರದ ಸಾಲು

ನಮಸ್ಕಾರ. ಇವತ್ತಿನ ಮಾತು ಕೋಡ್ ಬರೆಯುವವರಿಗೆ, ಅದರಲ್ಲೂ ಬೇರೆಯವರ ಕೋಡ್ ಕೂತು ಓದಿ ರಿವ್ಯೂ ಮಾಡುವವರಿಗೆ.

ಒಂದು ಸಲ ಬೆಳಿಗ್ಗೆ 10ಕ್ಕೆ ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಕೋಡ್) ಬರೆದು ಕಮಿಟ್ ಮಾಡಿದೆ, ಅಂದರೆ ಕೋಡಿನ ಇತಿಹಾಸ ಕಾಯುವ ಗಿಟ್ ಎಂಬ ಉಪಕರಣದಲ್ಲಿ ಆ ಬದಲಾವಣೆಯನ್ನು ಒಂದು ದಾಖಲೆಯಾಗಿ ಉಳಿಸಿದೆ. 11ಕ್ಕೆ ಆ ಟೆಸ್ಟ್ ಪರೀಕ್ಷಿಸುವ ಫಂಕ್ಷನ್ ಬರೆದು ಅದನ್ನೂ ಕಮಿಟ್ ಮಾಡಿದೆ. ಓದುವವರಿಗೆ ಫಂಕ್ಷನ್ ಮೊದಲು ಸಿಕ್ಕರೆ ಸುಲಭ ಅಲ್ವಾ ಅಂತ ರೀಬೇಸ್ ಮಾಡಿ (ಕಮಿಟ್‌ಗಳನ್ನು ಹೊಸದಾಗಿ ಜೋಡಿಸಿ), ಎರಡನ್ನೂ ಅದಲುಬದಲು ಮಾಡಿ, ಸರ್ವರ್‌ನಲ್ಲಿದ್ದ ಹಳೆಯ ಸಾಲಿನ ಜಾಗಕ್ಕೆ ಹೊಸದನ್ನು ಕೂರಿಸುವ ಫೋರ್ಸ್ ಪುಶ್ ಕೊಟ್ಟೆ. ರಿವ್ಯೂ ಪುಟ ತೆರೆದರೆ ಟೆಸ್ಟೇ ಮೊದಲು! "ಇಲ್ಲದ ಫಂಕ್ಷನ್‌ಗೆ ಟೆಸ್ಟ್ ಯಾಕೆ ಬರೆದಿರಿ?" ಎಂದು ಜೊತೆಗೆ ಕೆಲಸ ಮಾಡುವವರು ಕೇಳಿದರು. ಅವರಿಗೆ ಕಂಡದ್ದೇ ಹಾಗೆ, ಅವರ ತಪ್ಪೇನಿಲ್ಲ.

ಗಿಟ್ ಪ್ರತಿ ಕಮಿಟ್‌ನಲ್ಲೂ ಎರಡು ಸಮಯ ಬರೆದಿಡುತ್ತದೆ. ಮೊದಲ ಸಲ ಬರೆದ ಹೊತ್ತು ಆಥರ್ ಡೇಟ್. ಕಮಿಟ್‌ಗೆ ಈಗಿನ ರೂಪ ಬಂದ ಹೊತ್ತು ಕಮಿಟರ್ ಡೇಟ್. ಸಾಮಾನ್ಯವಾಗಿ ರೀಬೇಸ್ ಎರಡನೆಯದನ್ನು ಮಾತ್ರ ಬದಲಿಸುತ್ತದೆ. ಹಾಗಾಗಿ ಆಥರ್ ಡೇಟ್ ನೋಡಿ ಜೋಡಿಸುವ ಪುಟದಲ್ಲಿ ನಾವು ಕಷ್ಟಪಟ್ಟು ಮಾಡಿದ ಸಾಲು ಕಾಣುವುದೇ ಇಲ್ಲ. ಸರಿ, ಕಮಿಟರ್ ಡೇಟ್ ನೋಡಿ ಜೋಡಿಸೋಣ ಅಂದರೆ ಅಲ್ಲೂ ತೊಡಕಿದೆ, ಯಾಕಂದ್ರೆ ಗಿಟ್ ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಿ ಮಾತ್ರ ಇಡುತ್ತದೆ, ರೀಬೇಸ್ ಒಂದೇ ಸೆಕೆಂಡಿನಲ್ಲಿ ನಾಲ್ಕೈದು ಕಮಿಟ್ ಮುಗಿಸಿಬಿಡಬಹುದು, ಆಗ ಯಾವುದು ಮೊದಲು ಎಂದು ಸಮಯ ನೋಡಿ ಹೇಳಲಾಗದು.

ನಿಜವಾದ ಕ್ರಮ ಗಡಿಯಾರದಲ್ಲಿಲ್ಲ, ಪೇರೆಂಟ್‌ನಲ್ಲಿದೆ, ಅಂದರೆ ಈ ಕಮಿಟ್ ಯಾವುದರ ಮೇಲೆ ಕೂತಿದೆಯೋ ಆ ಹಿಂದಿನ ಕಮಿಟ್‌ನಲ್ಲಿ. ಮೊಟ್ಟಮೊದಲನೆಯದನ್ನು ಬಿಟ್ಟರೆ ಪ್ರತಿ ಕಮಿಟ್ ತನ್ನ ಹಿಂದಿನದರ ಹ್ಯಾಶನ್ನು (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಒಳಗೇ ಇಟ್ಟುಕೊಂಡಿರುತ್ತದೆ. ನಡುವೆ ಒಂದನ್ನು ಅಲುಗಿಸಿದರೆ ಅದರ ಮೇಲಿನವೆಲ್ಲ ಹೊಸ ಹ್ಯಾಶ್ ಪಡೆಯುವುದು ಇದರಿಂದಲೇ.

ಗಿಟ್‌ಹಬ್ ಎಂಬ ಕೋಡ್ ಹಂಚಿಕೊಳ್ಳುವ ತಾಣ ಹಲವು ವರ್ಷ ಪುಲ್ ರಿಕ್ವೆಸ್ಟನ್ನು (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂದು ಕೇಳುವ ರಿವ್ಯೂ ಪುಟ) ಮಾತುಕತೆಯ ಜಾಗ ಎಂದು ಕಂಡು, ಕಮಿಟ್‌ಗಳನ್ನು ಸಮಯದ ಪ್ರಕಾರ ತೋರಿಸುತ್ತಿತ್ತು. ನನಗೆ ಅದು ಒಪ್ಪಿಗೆಯಿಲ್ಲ. ಮಾತುಕತೆಗೆ ಸಮಯ ಬೇಕು, ಆದರೆ ಕೋಡ್ ಓದುವವರಿಗೆ ಯಾವುದರ ಮೇಲೆ ಯಾವುದು ನಿಂತಿದೆ ಅನ್ನೋದು ಜಾಸ್ತಿ ಮುಖ್ಯ.

ಅನುಮಾನ ಬಂದರೆ ಬ್ರಾಂಚನ್ನು (ಆ ಕಮಿಟ್‌ಗಳಿರುವ ಕವಲು) ನಿಮ್ಮ ಯಂತ್ರಕ್ಕೆ ಇಳಿಸಿಕೊಂಡು, ಕಮಿಟ್‌ಗಳ ಪಟ್ಟಿ ತೋರಿಸುವ, ಗಿಟ್ ಲಾಗ್‌ಗೆ ಟೊಪೊ-ಆರ್ಡರ್ (ಪೇರೆಂಟ್ ನೋಡಿ ಜೋಡಿಸು) ಮತ್ತು ರಿವರ್ಸ್ (ತಿರುಗಿಸಿ ತೋರಿಸು) ಎಂಬ ಎರಡು ಆಯ್ಕೆ ಕೊಡಿ. ಬರೆದವರು ಜೋಡಿಸಿದ ಸಾಲು ಬುಡದಿಂದ ಕಾಣುತ್ತದೆ. ಹಳೆಯ ಸಾಲಿಗೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ನೋಡಲು 2018ರಲ್ಲಿ ಬಂದ ರೇಂಜ್-ಡಿಫ್ ಇದೆ. ನಾನಂತೂ ಈಗ ರೀಬೇಸ್ ಮಾಡಿದಾಗಲೆಲ್ಲ ಪುಲ್ ರಿಕ್ವೆಸ್ಟಿನ ವಿವರಣೆಯಲ್ಲೇ ಬರೆಯುತ್ತೇನೆ: ಮೊದಲು ಫಂಕ್ಷನ್ ಓದಿ, ಆಮೇಲೆ ಟೆಸ್ಟ್.