ಡೇಟಾ ಸೆಂಟರಿನ ಬ್ಯಾಟರಿ, ಊರಿನ ಕರೆಂಟು

ಕೇಳುಗರಿಗೆ ನಮಸ್ಕಾರ.

2024ರ ಜುಲೈ 10ರ ಸಂಜೆ ಅಮೆರಿಕದ ವರ್ಜೀನಿಯಾದಲ್ಲಿ 230 ಕಿಲೋವೋಲ್ಟ್ ಲೈನೊಂದರ ಸಿಡಿಲು ತಡೆಯುವ ಉಪಕರಣ ಕೆಟ್ಟಿತು. ಲೈನು ತಾನಾಗಿಯೇ ಮತ್ತೆ ಮತ್ತೆ ಚಾಲೂ ಆಗಲು ನೋಡಿತು, ಪ್ರತಿಸಲವೂ ವೋಲ್ಟೇಜು ಒಂದು ಕ್ಷಣ ಕುಸಿಯಿತು. ಸುತ್ತಲೂ ಡೇಟಾ ಸೆಂಟರುಗಳಿದ್ದವು, ಅಂದರೆ ಸಾವಿರಾರು ಕಂಪ್ಯೂಟರುಗಳು ಹಗಲಿರುಳು ಓಡುವ ಕಟ್ಟಡಗಳು. ಕರೆಂಟು ಕೈಕೊಟ್ಟಾಗ ಬ್ಯಾಟರಿಯಿಂದ ನಡೆಸುವ ಅವುಗಳ ಯುಪಿಎಸ್‌ಗಳು ಈ ಕುಸಿತ ಎಣಿಸುತ್ತಿದ್ದವು. ಒಂದು ನಿಮಿಷದೊಳಗೆ ಮೂರು ಸಲವಾದರೆ ಊರಿಗೆಲ್ಲ ಕರೆಂಟು ಹಂಚುವ ಗ್ರಿಡ್ಡಿನ ಸಹವಾಸ ಬಿಟ್ಟು ಸ್ವಂತ ವ್ಯವಸ್ಥೆಗೆ ಹೋಗಬೇಕೆಂದು ಅವಕ್ಕೆ ಮೊದಲೇ ಹೇಳಿಟ್ಟಿತ್ತು. ಹೋದವು. ಸುಮಾರು 1,500 ಮೆಗಾವ್ಯಾಟ್ ಬೇಡಿಕೆ ಒಮ್ಮೆಲೇ ಮಾಯ! ಬಳಸುವವರಿಲ್ಲದೆ ಗ್ರಿಡ್ಡಿನ ವೋಲ್ಟೇಜು ಏರಿತು. ಡೇಟಾ ಸೆಂಟರುಗಳನ್ನು ಜನ ಹೋಗಿ ಕೈಯಾರೆ ವಾಪಸ್ ಜೋಡಿಸಬೇಕಾಯಿತು.

ತನ್ನ ಬ್ಯಾಟರಿ ತನಗೆ ಮಾತ್ರ ಎಂದರೆ ಹೀಗಾಗುತ್ತದೆ. ಅದೇ ಬ್ಯಾಟರಿಯನ್ನು ಗ್ರಿಡ್ಡಿನ ಜೊತೆ ಹಂಚಿಕೊಂಡರೆ?

ಐರ್ಲೆಂಡಿನಲ್ಲಿ ಅದನ್ನು ಮಾಡಿ ನೋಡಿದ್ದಾರೆ. ಮಾಡದೆ ಗತಿಯಿರಲಿಲ್ಲ ಅನ್ನಿ. 2015ರಲ್ಲಿ ಆ ದೇಶದ ವಿದ್ಯುತ್ ಬಳಕೆಯಲ್ಲಿ ಶೇ. 5ರಷ್ಟಿದ್ದ ಡೇಟಾ ಸೆಂಟರುಗಳ ಪಾಲು 2023ಕ್ಕೆ ಶೇ. 21 ಆಯಿತು. ಅಲ್ಲಿನ ನಗರಗಳ ಮನೆಗಳೆಲ್ಲ ಸೇರಿ ಬಳಸಿದ್ದು ಅದಕ್ಕಿಂತ ಕಡಿಮೆ. ಗಾಳಿ ವಿದ್ಯುತ್ತನ್ನು ಬಹಳವಾಗಿ ನೆಚ್ಚಿದ ದ್ವೀಪ ಬೇರೆ. ಗಾಳಿ ತಟ್ಟನೆ ಇಳಿದರೆ ಗ್ರಿಡ್ಡಿನ ಆವರ್ತನ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸುತ್ತು ಹಿಂದೆಮುಂದೆ ಹರಿಯುತ್ತದೆಂಬ ಲೆಕ್ಕ, 50 ಹರ್ಟ್ಸ್‌ನಿಂದ ಜಾರತೊಡಗುತ್ತದೆ. ಅದನ್ನು ಹಿಡಿದು ನಿಲ್ಲಿಸಲೆಂದೇ ಅನಿಲ, ಕಲ್ಲಿದ್ದಲು ಸ್ಥಾವರಗಳನ್ನು ಅರೆಬರೆ ಉರಿಸಿ ಸಿದ್ಧವಾಗಿ ಇಟ್ಟುಕೊಳ್ಳಬೇಕಿತ್ತು.

ಡಬ್ಲಿನ್ನಿನ ಮೈಕ್ರೋಸಾಫ್ಟ್ ಡೇಟಾ ಸೆಂಟರಿನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳು ಸಾಲುಸಾಲಾಗಿ ಕೂತಿವೆ. ಕರೆಂಟು ಹೋದಾಗ ಡೀಸೆಲ್ ಜನರೇಟರ್ ಎದ್ದು ನಿಲ್ಲುವವರೆಗಿನ ಕೆಲವು ನಿಮಿಷ ತಳ್ಳುವುದಷ್ಟೇ ಅವುಗಳ ಕೆಲಸ. ಉಳಿದ ಕಾಲವೆಲ್ಲ, ನಮ್ಮ ಮನೆಯ ಇನ್ವರ್ಟರಿನ ಹಾಗೆ, ತುಂಬಿಕೊಂಡು ಸುಮ್ಮನಿರುವುದು. 2022ರಲ್ಲಿ ಈ ಬ್ಯಾಟರಿಗಳನ್ನು ಪರೀಕ್ಷಿಸಿ, ಗ್ರಿಡ್ಡಿನ ಸೇವೆಗೂ ಬಳಸಬಹುದೆಂದು ಒಪ್ಪಿದರು. ಆವರ್ತನ ಇಳಿದ ಸುಳಿವು ಸಿಕ್ಕರೆ ಸಾಕು, ಕಣ್ಣೆವೆಯಿಕ್ಕುವಷ್ಟರಲ್ಲಿ ಬ್ಯಾಟರಿ ಕೆಲಸಕ್ಕಿಳಿಯಬಲ್ಲದು. ಯಾವ ಸ್ಥಾವರಕ್ಕೂ ಇಷ್ಟು ಚುರುಕಿಲ್ಲ. ಇದು ದಾನಧರ್ಮವೇನಲ್ಲ, ಇಂಥ ಸೇವೆಗೆ ಗ್ರಿಡ್ ಹಣ ಕೊಡುತ್ತದೆ.

ಆದರೆ ಕಂಪನಿಗಳ ಉತ್ಸಾಹದ ಮಾತನ್ನು ಸ್ವಲ್ಪ ಸೋಸಿ ಕೇಳಬೇಕು. ಸರ್ವರುಗಳಿಗೆ ಮೀಸಲಾದ ಚಾರ್ಜನ್ನು ಯಾರೂ ಮುಟ್ಟುವಂತಿಲ್ಲ, ಹಂಚಿಕೊಳ್ಳುವುದು ಅದಕ್ಕಿಂತ ಮೇಲಿನದನ್ನು ಮಾತ್ರ. ಅದೂ ನಿಮಿಷಗಳ ಲೆಕ್ಕದ್ದು. ವಾರಗಟ್ಟಲೆ ಗಾಳಿ ಬೀಸದಿದ್ದರೆ ಈ ಬ್ಯಾಟರಿ ಯಾವ ಮೂಲೆಗೂ ಸಾಲದು. ಹೊಸ ಡೇಟಾ ಸೆಂಟರಿಗೆ ಕರೆಂಟು ಕೇಳಲು ಬಂದವರು ಬ್ಯಾಟರಿ ತೋರಿಸಿದರೆ, ಎಷ್ಟು ಮೆಗಾವ್ಯಾಟ್ ಎನ್ನುವುದರ ಜೊತೆಗೆ ಎಷ್ಟು ಹೊತ್ತು ಎಂದೂ ಕೇಳಬೇಕು.

ನಮಸ್ಕಾರ.