ಶಾಂಗ್ ಕಂಚಿನ ಡ್ರ್ಯಾಗನ್‌ಗೆ ಕಿರೀಟ ತೊಡಿಸಬೇಡಿ

ಚೀನಾದ ಹಳೇ ಕಂಚಿನ ಪಾತ್ರೆ ಮೇಲೆ ಡ್ರ್ಯಾಗನ್ ಕಂಡ್ರೆ ಸಾಕು, ಇದು ಚಕ್ರವರ್ತಿಯ ಲಾಂಛನ ಅಂತ ಷರಾ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಇಲ್ಲೇ. ಐದು ಉಗುರಿನ ಡ್ರ್ಯಾಗನ್ ಅರಮನೆಯ ಸ್ವತ್ತಾಗಿದ್ದು ಯುವಾನ್, ಮಿಂಗ್, ಚಿಂಗ್ ವಂಶಗಳ ಕಾಲದಲ್ಲಿ. ನಾನು ಹೇಳ್ತಿರೋ ಪಾತ್ರೆಗಳು ಶಾಂಗ್ ವಂಶದವು, ಕ್ರಿಸ್ತಪೂರ್ವ 1200ರ ಆಸುಪಾಸಿನವು. ಮಧ್ಯೆ ಹತ್ತಿರಹತ್ತಿರ ಎರಡೂವರೆ ಸಾವಿರ ವರ್ಷ ಇದೆ, ಸ್ವಾಮಿ!

1976ರಲ್ಲಿ, ಶಾಂಗ್ ರಾಜರ ರಾಜಧಾನಿಯಾಗಿದ್ದ ಆನ್‌ಯಾಂಗ್‌ನಲ್ಲಿ ಫು ಹಾವೋ ಸಮಾಧಿ ಸಿಕ್ತು. ರಾಜ ವು ಡಿಂಗ್‌ನ ಪತ್ನಿಯರಲ್ಲಿ ಒಬ್ಬಳು, ದಂಡು ಕಟ್ಟಿಕೊಂಡು ಯುದ್ಧಕ್ಕೆ ಹೋದವಳು. ಕಳ್ಳರ ಕೈ ಸೋಕದ ಆ ಸಮಾಧಿಯಲ್ಲಿ 460ಕ್ಕೂ ಹೆಚ್ಚು ಕಂಚಿನ ವಸ್ತುಗಳಿದ್ವು. ಮಾಂಸ ಬೇಯಿಸೋ ಪಾತ್ರೆ, ಮದ್ಯ ಬಿಸಿಮಾಡೋ ಪಾತ್ರೆ, ಸುರಿಯೋ ಪಾತ್ರೆ. ಇಂಥ ಪಾತ್ರೆಗಳಲ್ಲಿ ಬಡಿಸ್ತಿದ್ದಿದ್ದು ತೀರಿಕೊಂಡ ಹಿರಿಯರಿಗೆ. ಎಡೆ ಇಡೋ ಮನೆಗಳಲ್ಲಿ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈ ಪಾತ್ರೆಗಳ ಹೊರಮೈ ನೋಡಿ. ಡ್ರ್ಯಾಗನ್ ಪಕ್ಕಕ್ಕೆ ತಿರುಗಿರುತ್ತೆ, ಕಾಣೋದು ಒಂದೇ ಕಾಲು, ಬಾಲ ಸುರುಳಿ ಸುತ್ತಿರುತ್ತೆ. ಇದನ್ನ ‘ಕುಯ್’ ಅಂತಾರೆ. ಎರಡು ಕುಯ್ ಮೂತಿಗೆ ಮೂತಿ ಕೊಟ್ಟು ನಿಂತ್ರೆ ನಮ್ಮನ್ನೇ ದುರುಗುಟ್ಟಿ ನೋಡೋ ಒಂದು ಮುಖ ಹುಟ್ಟುತ್ತೆ. ಅರ್ಧ ಮುಚ್ಚಿ, ಡ್ರ್ಯಾಗನ್. ಕೈ ತೆಗೀರಿ, ಮುಖ. ಎಂಥಾ ಕಿಲಾಡಿ ಕೈಗಳು! ಮಣ್ಣಿನ ಅಚ್ಚನ್ನ ತುಂಡುತುಂಡಾಗಿ ಮಾಡಿ, ಜೋಡಿಸಿ, ಕರಗಿದ ಕಂಚು ಸುರೀತಿದ್ರು. ಎಡಬಲ ಒಂದೇ ಥರ ಬರೋ ಚಿತ್ರ ಆ ಕೆಲಸಕ್ಕೂ ಹೊಂದುತ್ತೆ.

ಅದಕ್ಕೇ ಕಲಾ ಇತಿಹಾಸಕಾರ ಮ್ಯಾಕ್ಸ್ ಲೋಹರ್, ಇದೆಲ್ಲ ಬರೀ ವಿನ್ಯಾಸದ ಆಟ, ಅರ್ಥ ಹುಡುಕಬೇಡಿ ಅಂದ್ರು. ಇಲ್ಲ, ಬದುಕಿದವರಿಗೂ ಸತ್ತ ಹಿರಿಯರಿಗೂ ನಡುವೆ ಓಡಾಡೋ ಪ್ರಾಣಿಗಳಿವು ಅಂದ್ರು ಪುರಾತತ್ವಜ್ಞ ಕೆ.ಸಿ. ಚಾಂಗ್. ಶಾಂಗ್ ಜನರನ್ನೇ ಕೇಳೋಣ ಅಂದ್ರೆ, ಎಲುಬಿನ ಮೇಲೆ ಅವರು ಕೆತ್ತಿದ ಶಕುನದ ಪ್ರಶ್ನೆಗಳಲ್ಲಿ ವು ಡಿಂಗ್‌ನ ಹಲ್ಲುನೋವಿಗೆ ಯಾವ ಹಿರಿಯ ಕಾರಣ ಅನ್ನೋದೂ ಇದೆ, ಪಾತ್ರೆಯ ಚಿತ್ರಗಳಿಗೆ ಮಾತ್ರ ವಿವರಣೆ ಇಲ್ಲ.

ಲೋಹರ್ ಮಾತನ್ನ ಹೊರಮೈ ಮಟ್ಟಿಗೆ ಒಪ್ಪಬಹುದೇನೋ. ಆದ್ರೆ ‘ಪಾನ್’ ಅನ್ನೋ ಅಗಲವಾದ ನೀರಿನ ಬೋಗುಣಿ ಇದ್ಯಲ್ಲ, ಅದರ ತಳದಲ್ಲಿ ಡ್ರ್ಯಾಗನ್ ಸುರುಳಿ ಸುತ್ತಿ ಮಲಗಿರುತ್ತೆ. ಕೆಲವದರಲ್ಲಿ ಸುತ್ತಲೂ ಮೀನು. ನೀರು ತುಂಬಿದ್ರೆ ಅದು ಮುಳುಗುತ್ತೆ. ಬರೀ ಅಲಂಕಾರವಾಗಿದ್ರೆ ನೀರಿನ ಪಾತ್ರೆಯ ತಳಕ್ಕೇ ಯಾಕೆ ಬರಬೇಕಿತ್ತು, ಜೊತೆಗೆ ಮೀನು ಯಾಕೆ? ಹಾಗಾಗಿ ನಾನು ಚಾಂಗ್ ಕಡೆಗೆ ವಾಲ್ತೀನಿ, ಪೂರ್ತಿ ಅಲ್ಲ.

ಇಷ್ಟಾದ ಮೇಲೂ ಡ್ರ್ಯಾಗನ್ ಅಂದ್ರೆ ಅರಸನೇ ಅಂತ ಹಟ ಹಿಡಿಯೋರು ಚೀನಾದ ನೈಋತ್ಯದ ಸಿಚುವಾನ್‌ಗೆ ಬರಲಿ. ಅಲ್ಲಿನ ಸಾನ್‌ಶಿಂಗ್‌ದುಯ್‌ನಲ್ಲಿ 1986ರಲ್ಲಿ ಸಿಕ್ಕ ಕಂಚಿನ ಮರ ಸುಮಾರು ನಾಲ್ಕು ಮೀಟರ್ ಎತ್ತರ. ಅದರ ಕಾಂಡದ ಗುಂಟ ತಲೆ ಕೆಳಗೆ ಮಾಡಿ ಒಂದು ಡ್ರ್ಯಾಗನ್ ಇಳೀತಾ ಇದೆ. ಆನ್‌ಯಾಂಗ್‌ನಿಂದ ಬಹುದೂರದ, ಬೇರೆಯದೇ ಸಂಸ್ಕೃತಿಯ ಜನ ಎರಕ ಹೊಯ್ದಿದ್ದು. ಅದು ಯಾವ ಶಾಂಗ್ ರಾಜನ ಲಾಂಛನ, ಹೇಳಿ ನೋಡೋಣ?