ಹೊಸ ಲ್ಯಾಪ್‌ಟಾಪ್ ತಗೊಳ್ಳುವ ಮೊದಲು: ಸಿಮ್ಯುಲೇಶನ್ ಎಲ್ಲಿ ಕಾಯುತ್ತಿದೆ ನೋಡಿ

ನಮಸ್ಕಾರ. ಮಲ್ಪೆ ಬಂದರಿನಲ್ಲಿ ಈಗ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಹಲಗೆ ಬದಲಿಸುವುದು, ಬಣ್ಣ ಬಳಿಯುವುದು, ಇಂಜಿನ್ ಬಿಚ್ಚುವುದು, ಎಲ್ಲವೂ ಈ ಎರಡು ತಿಂಗಳಲ್ಲೇ ಮುಗಿಯಬೇಕು. ಒಬ್ಬ ಬೋಟ್ ಮಾಲೀಕರು ತಮ್ಮ ವಿಂಚ್ (ಬಲೆಯ ರೋಪು ಸುತ್ತಿ ಎಳೆಯುವ ಯಂತ್ರ) ಫ್ರೇಮನ್ನು ಹೊಸದಾಗಿ ಮಾಡಿಸುತ್ತಿದ್ದಾರೆ. ಬಲೆ ಎಳೆಯುವಾಗ ರೋಪಿನ ಜಗ್ಗಾಟವನ್ನೆಲ್ಲ ತಡೆಯುವುದು ಈ ಫ್ರೇಮು. ಪ್ಲೇಟ್ ಎಷ್ಟು ದಪ್ಪ ಇರಬೇಕು ಅಂತ ಲೆಕ್ಕ ಹಾಕಿಕೊಡುವ ಕೆಲಸ ನನ್ನದು.

ಲೆಕ್ಕ ಅಂದರೆ ಸಿಮ್ಯುಲೇಶನ್. ಫ್ರೇಮಿನ ಮಾಡೆಲನ್ನು ಸಾವಿರಾರು ಸಣ್ಣ ತುಂಡುಗಳಾಗಿ ಒಡೆಯುತ್ತೇವೆ. ಅದೇ ಮೆಶ್. ಆಮೇಲೆ ಪ್ರತಿ ತುಂಡಿನ ಸಮೀಕರಣಗಳನ್ನು ಸಾಲ್ವರ್ ಒಟ್ಟಿಗೆ ಬಿಡಿಸುತ್ತದೆ. ಮಣಿಪಾಲ, ನಿಟ್ಟೆ, ಸುರತ್ಕಲ್ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನನ್ನನ್ನು ಇದರ ಬಗ್ಗೆಯೇ ಕೇಳುತ್ತಾರೆ. "ಅಣ್ಣಾ, ರಾತ್ರಿ ರನ್ ಕೊಟ್ಟರೆ ಬೆಳಗಾದರೂ ಮುಗಿಯುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಲಾ?"

ಸ್ವಲ್ಪ ತಡೆಯಿರಿ. ಮನೆಯವರು ಕಷ್ಟಪಟ್ಟು ಕೂಡಿಟ್ಟ ದುಡ್ಡು ಅದು. ಖರ್ಚು ಮಾಡುವ ಮೊದಲು, ನಿಮ್ಮ ಕಂಪ್ಯೂಟರ್ ನಿಜವಾಗಿ ಎಲ್ಲಿ ಕಾಯುತ್ತಾ ಕೂತಿದೆ ಅಂತ ಕಂಡುಹಿಡಿಯಬೇಕು.

ಪರದೆ ನೋಡಿ. ರನ್ ನಡೆಯುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟಿದ್ದೇನೆ. ಸಿಪಿಯು ಬಳಕೆ ಕೆಳಗಿದೆ, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದೆ. ಅಂದರೆ ರ‍್ಯಾಮ್ ಸಾಲುತ್ತಿಲ್ಲ. ಆನ್ಸಿಸ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್ ಬಳಸುವವರಿಗೆ ಇನ್ನೂ ಸುಲಭ. ಸಾಲ್ವರ್ ಔಟ್‌ಪುಟ್ ತೆರೆದರೆ 'ಇನ್-ಕೋರ್' ಅಥವಾ 'ಔಟ್-ಆಫ್-ಕೋರ್' ಅಂತ ಬರೆದಿರುತ್ತದೆ. ಇನ್-ಕೋರ್ ಅಂದರೆ ಲೆಕ್ಕವೆಲ್ಲ ರ‍್ಯಾಮ್‌ನಲ್ಲೇ ನಡೆಯುತ್ತಿದೆ. ಔಟ್-ಆಫ್-ಕೋರ್ ಅಂದರೆ ಅರ್ಧ ಲೆಕ್ಕ ಡಿಸ್ಕಿಗೆ ಬರೆದು, ಮತ್ತೆ ಓದಿ, ಮತ್ತೆ ಬರೆದು ನಡೆಯುತ್ತಿದೆ. ಅಡುಗೆಗೆ ಬೇಕಾದ ಸಾಮಾನೆಲ್ಲ ಅಟ್ಟದ ಮೇಲಿಟ್ಟು ಒಂದೊಂದಕ್ಕೂ ಏಣಿ ಹತ್ತಿ ಇಳಿದ ಹಾಗೆ.

ಎಷ್ಟು ರ‍್ಯಾಮ್ ಬೇಕು? ಸಮೀಕರಣಗಳನ್ನು ಒಂದೇ ಸಲಕ್ಕೆ ಬಿಡಿಸುವ ಡೈರೆಕ್ಟ್ ಸಾಲ್ವರಿಗೆ ಒಂದು ಅಂದಾಜು ಉಂಟು. ಹತ್ತು ಲಕ್ಷ ಅಜ್ಞಾತಗಳಿಗೆ (ಸಾಲ್ವರ್ ಕಂಡುಹಿಡಿಯಬೇಕಾದ ಬೆಲೆಗಳು) ಇನ್-ಕೋರ್‌ನಲ್ಲಿ ಸುಮಾರು 10 ಜಿಬಿ, ಔಟ್-ಆಫ್-ಕೋರ್‌ನಲ್ಲಿ ಸುಮಾರು 1 ಜಿಬಿ. ಸಾಲಿಡ್ ಮಾಡೆಲಿನಲ್ಲಿ ಪ್ರತಿ ನೋಡಿಗೂ (ತುಂಡುಗಳು ಸೇರುವ ಬಿಂದು) ಮೂರು ಅಜ್ಞಾತಗಳು. ಹಾಗಾಗಿ 3 ಲಕ್ಷ ನೋಡ್ ಅಂದರೆ 9 ಲಕ್ಷ ಅಜ್ಞಾತ, ಹೆಚ್ಚುಕಡಿಮೆ 9 ಜಿಬಿ. 16 ಜಿಬಿ ಲ್ಯಾಪ್‌ಟಾಪಿನಲ್ಲಿ ವಿಂಡೋಸು, ಬ್ರೌಸರು, ಕ್ಯಾಡ್ ಎಲ್ಲ ತೆರೆದಿದ್ದರೆ ಇಷ್ಟಕ್ಕೇ ಉಸಿರು ಕಟ್ಟುತ್ತದೆ. ರನ್ ಕೊಡುವ ಮೊದಲು ಉಳಿದದ್ದನ್ನೆಲ್ಲ ಮುಚ್ಚಿ. ಮಾಡೆಲ್ ದಪ್ಪಗೆ, ಗಟ್ಟಿಯಾಗಿ ಇದ್ದರೆ ಸುತ್ತು ಸುತ್ತಾಗಿ ಉತ್ತರದ ಹತ್ತಿರ ಹೋಗುವ ಇಟರೇಟಿವ್ ಸಾಲ್ವರ್ ಆರಿಸಿ ನೋಡಿ, ಅದಕ್ಕೆ ಮೆಮೊರಿ ತುಂಬಾ ಕಡಿಮೆ ಸಾಕು. ತೆಳು ಪ್ಲೇಟುಗಳಿದ್ದರೆ ಅದು ಉತ್ತರಕ್ಕೆ ಬರಲು ಒದ್ದಾಡುತ್ತದೆ, ಅಲ್ಲಿ ಡೈರೆಕ್ಟೇ ಸರಿ.

ರ‍್ಯಾಮ್ ಎಷ್ಟು ಅಂತ ಎಲ್ಲರೂ ನೋಡುತ್ತಾರೆ. ಎಷ್ಟು ಕಡ್ಡಿ ಅಂತ ಯಾರೂ ನೋಡುವುದಿಲ್ಲ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎರಡು ಸ್ಲಾಟಿನಲ್ಲಿ ಒಂದೇ ಬಳಕೆಯಲ್ಲಿದೆ ಅಂತ ಕಂಡರೆ, ನಿಮ್ಮ ಪ್ರೊಸೆಸರ್ ಅರ್ಧ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿದೆ. ಡಿಡಿಆರ್4-3200 ರ‍್ಯಾಮ್ ಒಂದು ಚಾನೆಲಿನಲ್ಲಿ (ಪ್ರೊಸೆಸರಿಗೆ ಅಂಕಿ ಸಾಗುವ ದಾರಿ) ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಎರಡು ಚಾನೆಲ್ ಆದರೆ 51.2. ಗಾಳಿ, ನೀರಿನ ಹರಿವಿನ ಲೆಕ್ಕ ಮಾಡುವವರಿಗೆ, ಅಂದರೆ ಓಪನ್‌ಫೋಮ್, ಫ್ಲೂಯೆಂಟ್ ಬಳಸುವವರಿಗೆ, ಇದು ತುಂಬಾ ಮುಖ್ಯ. ಅಲ್ಲಿ ಪ್ರೊಸೆಸರ್ ಜಾಸ್ತಿ ಹೊತ್ತು ಮೆಮೊರಿಯಿಂದ ಅಂಕಿ ಬರುವುದನ್ನೇ ಕಾಯುತ್ತಿರುತ್ತದೆ. ಎರಡನೇ ಸ್ಲಾಟಿಗೆ ಅದೇ ಅಳತೆಯ, ಅದೇ ವೇಗದ ಕಡ್ಡಿ ಹಾಕುವುದು ಹೊಸ ಲ್ಯಾಪ್‌ಟಾಪಿನ ಮುಂದೆ ಸಣ್ಣ ಖರ್ಚು. ನನ್ನ ಮಟ್ಟಿಗೆ ಮೊದಲು ಮಾಡಬೇಕಾದ ಖರ್ಚು ಇದೇ.

ಕೋರುಗಳ, ಅಂದರೆ ಪ್ರೊಸೆಸರಿನೊಳಗೆ ಒಟ್ಟಿಗೆ ದುಡಿಯುವ ಘಟಕಗಳ, ವಿಷಯಕ್ಕೆ ಬರೋಣ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ದಾಲ್ 1967ರಲ್ಲೇ ಇದರ ಮಿತಿಯನ್ನು ತೋರಿಸಿದರು. ಲೆಕ್ಕದ ಶೇಕಡಾ 90 ಭಾಗವನ್ನು ಮಾತ್ರ ಹಂಚಿಕೊಳ್ಳಬಹುದು ಅಂತಾದರೆ, 8 ಕೋರ್ ಹಾಕಿದರೂ ವೇಗ 4.7 ಪಟ್ಟು ಮಾತ್ರ. ಕೋರ್ ಎಷ್ಟೇ ಸೇರಿಸಿ, 10 ಪಟ್ಟು ದಾಟುವುದಿಲ್ಲ. ಇನ್ನೊಂದು ವಿಷಯ. ಇಂಟೆಲ್‌ನ 12ನೇ ತಲೆಮಾರಿನಿಂದ ಬಹಳಷ್ಟು ಪ್ರೊಸೆಸರುಗಳಲ್ಲಿ ವೇಗದ ಕೋರು, ನಿಧಾನದ ಕೋರು ಅಂತ ಎರಡು ಬಗೆ ಇವೆ. ಸಾಲ್ವರ್ ಮಾಡೆಲನ್ನು ಸಮಪಾಲು ಮಾಡಿ ಹಂಚಿದರೆ, ವೇಗದವು ಮುಗಿಸಿ ನಿಧಾನದವಕ್ಕೆ ಕಾಯುತ್ತವೆ. ಆದ್ದರಿಂದ ಮೊದಲು ವೇಗದ ಕೋರುಗಳಷ್ಟೇ ಸಂಖ್ಯೆ ಕೊಟ್ಟು ಓಡಿಸಿ ನೋಡಿ. ಥ್ರೆಡ್ (ಒಂದೇ ಕೋರನ್ನು ಎರಡರ ಹಾಗೆ ತೋರಿಸುವುದು) ಲೆಕ್ಕ ಹಿಡಿಯಬೇಡಿ. ಒಂದು ಚಿಕ್ಕ ಮಾಡೆಲನ್ನು 2, 4, 6, 8 ಕೋರಿನಲ್ಲಿ ಓಡಿಸಿ ಸಮಯ ಬರೆದುಕೊಳ್ಳಿ. ಎಲ್ಲಿ ನಿಲ್ಲಿಸಬೇಕು ಅಂತ ಆ ಪಟ್ಟಿಯೇ ಹೇಳುತ್ತದೆ.

ಗ್ರಾಫಿಕ್ಸ್ ಕಾರ್ಡ್? ಗೇಮಿಂಗ್ ಲ್ಯಾಪ್‌ಟಾಪ್ ಅಂದಕೂಡಲೇ ಎಲ್ಲರ ಕಣ್ಣು ಇದರ ಮೇಲೆ. ಸ್ಟ್ರಕ್ಚರಲ್ ಲೆಕ್ಕಕ್ಕೆ ಡಬಲ್ ಪ್ರಿಸಿಶನ್, ಅಂದರೆ ಹೆಚ್ಚು ನಿಖರವಾದ ಅಂಕಿಗಳ ಲೆಕ್ಕ, ಬೇಕು. ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಗೇಮಿಂಗ್ ಕಾರ್ಡುಗಳಲ್ಲಿ ಡಬಲ್ ಪ್ರಿಸಿಶನ್ ವೇಗ ಸಿಂಗಲ್‌ನ 64ರಲ್ಲಿ ಒಂದು ಪಾಲು. ಮಾಡೆಲ್ ತಿರುಗಿಸಿ ನೋಡಲು ಚೆನ್ನ, ಸಾಲ್ವರಿಗೆ ಪ್ರಯೋಜನ ಕಡಿಮೆ. ಫ್ಲೂಯೆಂಟಿನ ಜಿಪಿಯು ಸಾಲ್ವರಿನಂಥ ಕೆಲವು ಕಡೆ ಮಾತ್ರ ಕಾರ್ಡಿಗೆ ನಿಜವಾದ ಕೆಲಸ ಉಂಟು. ಅಲ್ಲೂ ಇಡೀ ಮಾಡೆಲ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಸಬೇಕು.

ಡಿಸ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಕ್ರ್ಯಾಚ್ ಫೋಲ್ಡರ್ (ಸಾಲ್ವರ್ ತಾತ್ಕಾಲಿಕ ಫೈಲು ಬರೆಯುವ ಜಾಗ) ವೇಗದ ಎನ್‌ವಿಎಂಇ ಡ್ರೈವಿನಲ್ಲಿರಲಿ. ಕ್ಲೌಡಿಗೆ ತಾನಾಗಿ ಸಿಂಕ್ ಆಗುವ ಫೋಲ್ಡರಿನಲ್ಲಿ ಪ್ರಾಜೆಕ್ಟ್ ಇಡಲೇಬೇಡಿ. ಸಾಲ್ವರ್ ಬರೆಯುತ್ತಿರುವ ಫೈಲನ್ನೇ ಅದು ಎಳೆದಾಡುತ್ತದೆ.

ಈಗ ನಮ್ಮ ಊರಿನ ವಿಷಯ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಫ್ಯಾನಿನಡಿ ಕೂತ ನಮಗೇ ತಡೆಯುವುದಿಲ್ಲ. ಲ್ಯಾಪ್‌ಟಾಪ್ ತಣ್ಣಗಾಗುವುದು ಇದೇ ಕೋಣೆಯ ಗಾಳಿಯಿಂದ ಅಲ್ವಾ? ಕೋಣೆ 5 ಡಿಗ್ರಿ ಬಿಸಿಯಾದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಅನೇಕ ಲ್ಯಾಪ್‌ಟಾಪ್ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಮುಟ್ಟಿದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಗೇಮಿಂಗಿನಲ್ಲಿ ಭಾರ ಏರಿಳಿಯುತ್ತದೆ. ಸಿಮ್ಯುಲೇಶನ್ ಗಂಟೆಗಟ್ಟಲೆ ಬಿಡದೆ ದುಡಿಸುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷದ ವೇಗ ನಂಬಬೇಡಿ, ಒಂದು ಗಂಟೆ ಕಳೆದ ಮೇಲಿನದನ್ನು ನೋಡಿ. ಹಿಂಬದಿ ಎತ್ತರಿಸಿ ಇಡಿ, ಫ್ಯಾನಿನ ಧೂಳು ತೆಗೆಸಿ, ಚಾರ್ಜರ್ ಹಾಕಿಯೇ ಓಡಿಸಿ, ಹಾಸಿಗೆ ಮೇಲಂತೂ ಬೇಡ. ಇದೇ ದುಡ್ಡಿಗೆ ಡೆಸ್ಕ್‌ಟಾಪ್ ಸಿಗುವುದಾದರೆ ನಾನು ಅದನ್ನೇ ತಗೊಳ್ಳಿ ಅನ್ನುತ್ತೇನೆ.

ಇಷ್ಟೆಲ್ಲ ಮಾಡಿದರೂ ದೊಡ್ಡ ಲಾಭ ಸಿಗುವುದು ಮೆಶ್‌ನಲ್ಲಿ. ತುಂಡಿನ ಅಳತೆ ಅರ್ಧ ಮಾಡಿದರೆ ಮೂರು ಆಯಾಮದಲ್ಲಿ ತುಂಡುಗಳು 8 ಪಟ್ಟು ಆಗುತ್ತವೆ. ಡೈರೆಕ್ಟ್ ಸಾಲ್ವರಿನ ಸಮಯ ಅದಕ್ಕಿಂತಲೂ ಬೇಗ ಏರುತ್ತದೆ. ಈ ವಿಂಚ್ ಫ್ರೇಮನ್ನೇ ನೋಡಿ. ಎಡ, ಬಲ ಒಂದೇ ಆಕಾರ. ಎರಡೂ ರೋಪು ಸಮನಾಗಿ ಎಳೆಯುವಾಗ ಅರ್ಧ ಮಾಡೆಲ್ ಸಾಕು, ಮಧ್ಯದ ಸೀಳಿಗೆ ಸಿಮೆಟ್ರಿ ಕೊಟ್ಟರೆ ಆಯಿತು. ಆದರೆ ಒಂದು ಬದಿಯ ರೋಪು ಕಲ್ಲಿಗೆ ಸಿಕ್ಕಿಕೊಂಡಾಗ ಭಾರ ಒಂದೇ ಕಡೆ ಬೀಳುತ್ತದೆ. ಕಡಲಲ್ಲಿ ಅಪಾಯ ಆಗುವುದೇ ಆಗ, ಜನ ಅದರ ಪಕ್ಕದಲ್ಲೇ ನಿಂತಿರುತ್ತಾರೆ. ಆ ಲೆಕ್ಕಕ್ಕೆ ಪೂರ್ತಿ ಮಾಡೆಲ್ ಬೇಕೇಬೇಕು. ಸಮಯ ಉಳಿಸಲು ಹೋಗಿ ಅದನ್ನು ಬಿಡಬಾರದು.

ಹಾಗಾದರೆ ಪೂರ್ತಿ ಮಾಡೆಲನ್ನು ಹಗುರ ಮಾಡುವುದು ಹೇಗೆ? ತೆಳು ಪ್ಲೇಟುಗಳಿಗೆ ಸಾಲಿಡ್ ಬದಲು ಶೆಲ್ (ದಪ್ಪವನ್ನು ಬರೀ ಅಂಕಿಯಾಗಿ ಕೊಡುವ ಹಾಳೆಯಂಥ ತುಂಡು) ಹಾಕಿದ್ದೇನೆ. ಭಾರ ಬೀಳದ ಕಡೆಯ ಸಣ್ಣ ತೂತು, ಚಿಕ್ಕ ಉರುಟು ಅಂಚು ಎಲ್ಲ ತೆಗೆದಿದ್ದೇನೆ. ನುಣ್ಣಗಿನ ಮೆಶ್ ವೆಲ್ಡಿಂಗ್ ಹತ್ತಿರ ಮಾತ್ರ. ಒಂದು ಎಚ್ಚರ ಇರಲಿ. ಚೂಪಾದ ಒಳಮೂಲೆಯಲ್ಲಿ ಮೆಶ್ ನುಣ್ಣಗೆ ಮಾಡಿದಷ್ಟೂ ಸ್ಟ್ರೆಸ್ (ಲೋಹದೊಳಗಿನ ಒತ್ತಡ) ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಅಲ್ಲಿ ಎಷ್ಟು ಕೋರ್ ಸುರಿದರೂ ಸರಿಯಾದ ಉತ್ತರ ಬರುವುದಿಲ್ಲ. ಮೂಲೆಯಿಂದ ಸ್ವಲ್ಪ ದೂರದ ಬೆಲೆ ಓದಬೇಕು, ಇಲ್ಲವೇ ನಿಜವಾದ ಉರುಟು ಅಂಚನ್ನು ಮಾಡೆಲಿನಲ್ಲಿ ಬಿಡಿಸಬೇಕು.

ಮಳೆಗಾಲಕ್ಕೆ ಇನ್ನೊಂದು ಮಾತು. ಗಾಳಿಮಳೆಗೆ ಕರೆಂಟ್ ಯಾವಾಗ ಬೇಕಾದರೂ ಹೋಗಬಹುದು. ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ. ಉದ್ದದ ರನ್ ಕೊಡುವಾಗ ಫ್ಲೂಯೆಂಟಿನಲ್ಲಿ ಆಟೋಸೇವ್ ಹಾಕಿ. ಓಪನ್‌ಫೋಮ್‌ನಲ್ಲಿ ಆಗಾಗ ಫಲಿತಾಂಶ ಬರೆಯುವ ಹಾಗೆ ಮಾಡಿ, ಕೊನೆಯ ಸಮಯದಿಂದಲೇ ಶುರುವಾಗುವ ಹಾಗೆ ಸೆಟ್ ಮಾಡಿ. ಕರೆಂಟ್ ಬಂದಮೇಲೆ ನಿಂತಲ್ಲಿಂದ ಮುಂದುವರಿಸಬಹುದು.

ನಿಮ್ಮ ಮಾಡೆಲಿನ ನೋಡ್ ಎಷ್ಟು, ರ‍್ಯಾಮ್ ಎಷ್ಟು, ಎಷ್ಟು ಕಡ್ಡಿ, ಸಾಲ್ವರ್ ಯಾವ ಮೋಡಿನಲ್ಲಿ ಓಡಿದೆ, ಇಷ್ಟನ್ನು ಕಾಮೆಂಟಿನಲ್ಲಿ ಬರೆಯಿರಿ. ದುಡ್ಡು ಎಲ್ಲಿ ಹಾಕಬಹುದು ಅಂತ ಒಬ್ಬೊಬ್ಬರಿಗೂ ನೋಡಿ ಹೇಳುತ್ತೇನೆ.